ಭಜ್ಜಿ ಉಂಡು ಹಾರಿದ್ದು

ವಿಮಾನದ ಕೆಲಸಕ್ಕೆ ಹೊಸದಾಗಿ ಬಂದ ಹುಡುಗಿಯರಿಗೆ ನಾನು ಹೇಳಿಕೊಡುವ ಮೊದಲ ಪಾಠ ಹೊಟ್ಟೆಯದು. ಹಾರುವ ಮುನ್ನಾದಿನ ಕಾಳುಗಳನ್ನು ತಿನ್ನಬೇಡಿ, ಮೇಲೆ ಹೋದಂತೆ ಹೊಟ್ಟೆಯೊಳಗಿನ ಗಾಳಿ ಹಿಗ್ಗುತ್ತದೆ ಎಂದು ಬೋರ್ಡಿನ ಮೇಲೆ ಬಲೂನಿನ ಚಿತ್ರ ಬರೆದು ತೋರಿಸುತ್ತೇನೆ. ಈ ಪಂಡಿತಮ್ಮನ ಹೆಸರು ಬಸವೇಶ್ವರಿ, ಊರು ಚಿಂಚೋಳಿ ತಾಲೂಕಿನ ಐನಾಪುರ.

ನಾನು ಗಗನಸಖಿಯಾಗಿ ಎಷ್ಟೋ ವರ್ಷವಾದರೂ ನನ್ನವ್ವ ಗುರುದೇವಿ ಊರಲ್ಲಿ ಕೇಳಿದವರಿಗೆಲ್ಲ "ಹೈದ್ರಾಬಾದಿನ್ಯಾಗ ಆಫೀಸಿನ್ಯಾಗ ಅದಾಳ್ರಿ" ಎನ್ನುತ್ತಿದ್ದಳು. ಕಂಡವರಿಗೆ ನೀರು ಕೊಡುವ ನೌಕರಿ ಎನ್ನಲು ಅವಳಿಗೆ ನಾಚಿಕೆ.

"ನೀರ ಕೊಡೂದು ಅದರಾಗಿನ ಸಣ್ಣ ಕೆಲಸ ಅವ್ವಾ. ವಿಮಾನಕ್ಕ ಬೆಂಕಿ ಹತ್ತಿದ್ರ ಎಲ್ಲಾರನೂ ಹೊರಗ ಹಾಕಿ ಕಡೀಗಿ ನಾ ಇಳೀಬೇಕು," ಎಂದು ಹೇಳೀ ಹೇಳೀ ಸಾಕಾಗಿತ್ತು. ಅವಳು ತೊಗರಿಬೇಳೆ ಆರಿಸುತ್ತ ಹೂಂ ಎನ್ನುತ್ತಿದ್ದಳು, ಅಷ್ಟೆ. ನನಗೆ ಅದು ಒಳಗೊಳಗೇ ಚುಚ್ಚುತ್ತಿತ್ತು.

ಹೋದ ವರ್ಷ ಎಳ್ಳಮಾವಾಸ್ಯೆಗೆ ಊರಿಗೆ ಹೋದೆ. ಮರುದಿನ ಹೈದರಾಬಾದಿನಿಂದ ಬೆಂಗಳೂರಿಗೆ ನಾನು ಕೆಲಸಕ್ಕಿದ್ದ ವಿಮಾನದಲ್ಲೇ ಅವ್ವನಿಗೂ ಟಿಕೆಟ್ ಮಾಡಿಸಿದ್ದೆ. ನನ್ನ ದರ್ಬಾರು ಕಣ್ಣಾರೆ ನೋಡಿದರೆ ಅವಳ ನಾಚಿಕೆ ಹೋಗುತ್ತದೆಂಬ ಲೆಕ್ಕಾಚಾರ.

ಎಳ್ಳಮಾವಾಸ್ಯೆಗೆ ನಮ್ಮ ಕಡೆ ಊಟ ಹೊಲದಲ್ಲಿ. ಅವರೆ, ತೊಗರಿ, ಕಡಲೆ, ಬಟಾಣಿ, ಸಿಕ್ಕ ಸೊಪ್ಪೆಲ್ಲ ಕೂಡಿಸಿ ಕುದಿಸಿದ ಭಜ್ಜಿ, ಜೊತೆಗೆ ಸಜ್ಜೆ ರೊಟ್ಟಿ. ನಮ್ಮ ಹೊಲದಲ್ಲಿ ಉಂಡರೆ ಮುಗಿಯಲಿಲ್ಲ, ಬದುವಿನಾಚೆಯವರು ಕರೆದರೆ ಅಲ್ಲೂ ಉಣ್ಣಬೇಕು. ಪಕ್ಕದ ಹೊಲದ ಹಣಮಮ್ಮ, "ಆಫೀಸಿನ್ಯಾಗ ಕುಂದ್ರಾಕಿಗಿ ನಮ್ಮ ಭಜ್ಜಿ ಎಲ್ಲಿ ಸೇರ್ತದ ಬಿಡು," ಎಂದಳು. ನನ್ನ ಪಾಠ, ಬಲೂನು ಎಲ್ಲ ಅಲ್ಲಿಗೆ ಮುಗಿಯಿತು. ಸೊಕ್ಕಿನವಳು ಅನ್ನಿಸಿಕೊಳ್ಳಬಾರದೆಂದು ಮೂರು ಹೊಲದಲ್ಲಿ ಉಂಡೆ.

ಮರುದಿನ ವಿಮಾನ ಮೇಲೇರಿದಂತೆ ನನ್ನ ಹೊಟ್ಟೆಯೂ ಏರತೊಡಗಿತು. ಅವ್ವ ಕೊನೆಯ ಸಾಲಿನಲ್ಲಿ ಕೈಮುಗಿದು ಕೂತಿದ್ದಳು. ಅವಳ ಮುಂದೆ ಗತ್ತಿನಿಂದ ಟ್ರಾಲಿ ತಳ್ಳಿಕೊಂಡು ಬಂದ ನನಗೆ ಹೊಟ್ಟೆ ಹಿಡಿದುಕೊಂಡು ಕಣ್ಣು ಕತ್ತಲಿಟ್ಟಿತು. ಅಲ್ಲೇ ಕುಸಿದೆ. ಜೊತೆಗಾತಿ ಲುಂಬಿನಿ, ವಾಡಿಯವಳು, ನನ್ನನ್ನು ಅವ್ವನ ಸಾಲಿನ ಹಿಂದೆಯೇ ಇದ್ದ ನಮ್ಮ ಸಿಬ್ಬಂದಿಯ ಸೀಟಿಗೆ ಎಳೆದು ಕೂರಿಸಿದಳು. ದರ್ಬಾರು ಮಣ್ಣುಪಾಲಾಯಿತು, ಇನ್ನು ಅವ್ವ ಜನ್ಮದಲ್ಲಿ ನನ್ನ ನೌಕರಿಯ ಹೆಸರೆತ್ತುವುದಿಲ್ಲ ಎಂದುಕೊಂಡೆ.

ಅವ್ವನ ಪಕ್ಕದಲ್ಲಿದ್ದ ಸೇಡಂನ ಹಿರಿಯರೊಬ್ಬರು ಗೊಣಗಿದರು: "ನೀರ ಕೊಡಾಕೀನೇ ಹಿಂಗ ಬಿದ್ರ ನಮಗ್ಯಾರು ಕೊಡಬೇಕು?"

ಅವ್ವ ಅವರ ಕಡೆ ತಿರುಗಿದಳು. "ನೀರ ಕೊಡಾಕಿ ಅಲ್ರಿ ಅಕಿ. ವಿಮಾನಕ್ಕ ಬೆಂಕಿ ಹತ್ತಿದ್ರ ನಿಮ್ಮನ್ನ ಮೊದಲ ಹೊರಗ ಹಾಕಿ ಕಡೀಗಿ ತಾ ಇಳ್ಯಾಕಿ. ನನ್ನ ಮಗಳ್ರಿ."

ಬೆಂಕಿ ಎಂಬ ಮಾತು ಕೇಳಿ ಮುಂದಿನ ಸಾಲಿನವರೆಲ್ಲ ಹೊರಳಿ ನೋಡಿದರು. ಹಿರಿಯರು ಬೆಲ್ಟು ಬಿಗಿ ಮಾಡಿಕೊಂಡರು. ಬೇಳೆ ಆರಿಸುತ್ತಲೇ ಅವ್ವ ನನ್ನ ಪ್ರತಿ ಮಾತನ್ನೂ ಕೇಳಿಸಿಕೊಂಡಿದ್ದಳು. ನನಗೆ ಅಳು ತಡೆಯಲಾಗಲಿಲ್ಲ. ನೋವಿಗೆ ಅಳುತ್ತಿದ್ದೇನೆಂದು ಲುಂಬಿನಿ ಒಂದು ಲೋಟ ಬಿಸಿನೀರು ತಂದಳು.

ಅವ್ವ ಎದ್ದು ಬಂದು ಸೆರಗಿನ ಗಂಟಿನಿಂದ ಓಂಕಾಳು ತೆಗೆದು ನನ್ನ ಬಾಯಿಗೆ ಹಾಕಿದಳು. ಆಮೇಲೆ ಆದದ್ದನ್ನು ಬರೆಯುವುದಿಲ್ಲ. ಇಂಜಿನ್ನಿನ ಸದ್ದಿಗೆ ನಾನು ಇಂದಿಗೂ ಋಣಿ.

ಈಗ ಅವ್ವ ಬಸ್ಸಿನಲ್ಲಿ ಸಿಕ್ಕವರಿಗೂ ನನ್ನ ನೌಕರಿ ಹೇಳುತ್ತಾಳೆ. ಆದರೆ ಪ್ರತಿ ಸಲವೂ ಭಜ್ಜಿಯಿಂದಲೇ ಶುರು ಮಾಡುತ್ತಾಳೆ.