ಗಂಡು ಪರಂಗಿಯ ಬಸಿರು

ನಾನು ಮದುವೆಯಾಗಿ ಶ್ರೀನಿವಾಸಪುರಕ್ಕೆ ಬಂದಾಗ, ಬಚ್ಚಲ ನೀರು ಹರಿಯುವ ಕಡೆ ಎರಡು ಪರಂಗಿ ಮರಗಳಿದ್ದವು. ಒಂದು ಹೆಣ್ಣು, ಮೈತುಂಬ ಕಾಯಿ. ಇನ್ನೊಂದು ಗಂಡು. ಉದ್ದುದ್ದ ಎಳೆಗಳಲ್ಲಿ ಹೂ ಇಳಿಬಿಟ್ಟು ಸಿಂಗಾರವಾಗಿ ನಿಂತಿರುವುದೇ ಅದರ ಕೆಲಸ. ಅತ್ತೆಗೆ ಅದನ್ನು ಕಂಡರಾಗದು. ಮೇಷ್ಟರಾಗಿ ನಿವೃತ್ತರಾಗಿದ್ದ ಮಾವ ಜಗಲಿಯಲ್ಲಿ ಕುಳಿತೇ ಅದರ ಪರ ವಾದಿಸುತ್ತಿದ್ದರು.

“ಅದಿಲ್ದೆ ಹೆಣ್ಮರ ಕಾಯಿ ಬಿಡುತ್ತೇನೇ?”

“ಊರಲ್ಲಿ ಬೇರೆ ಗಂಡು ಮರ ಇಲ್ವಾ? ಇದನ್ನ ನಾನೇ ಸಾಕ್ಬೇಕಾ?”

ಯುದ್ಧದ ಕಾಲದ ಒಂದು ಬೇಸಿಗೆಯಲ್ಲಿ ಬಾವಿ ತಳ ಕಂಡಿತು. ಬಚ್ಚಲಿಂದ ಹರಿಯುವಷ್ಟು ನೀರೇ ಇರಲಿಲ್ಲ. ಹೆಣ್ಣು ಮರ ಮೊದಲು ಹೂ ಉದುರಿಸಿತು, ಆಮೇಲೆ ಎಳೆಗಾಯಿ. ಗಂಡು ಮರವೂ ಹಳದಿಗೆ ತಿರುಗಿತು. ಇದೇ ಸಮಯವೆಂದು ಅತ್ತೆ ಮಚ್ಚು ಹಿಡಿದು ಹೋಗಿ ಅದರ ತಲೆ ಕಡಿದರು. ಬುಡಕ್ಕೆ ಏಟು ಬೀಳುವಷ್ಟರಲ್ಲಿ ಮಾವ ಅಡ್ಡ ನಿಂತರು.

“ಪೋನೀ, ಹೋಗ್ಲಿ ಬಿಡು, ಒಂದ್ ಮಳೆ ನೋಡೋಣ ಇರೇ.”

ಮಳೆಗೆ ಮರ ಚಿಗುರಿತು, ಹೂವಿನ ಎಳೆಗಳೂ ಇಳಿದವು. ಒಂದು ಬೆಳಗ್ಗೆ ಅತ್ತೆಯೇ ನನ್ನನ್ನು ಕರೆದು ತೋರಿಸಿದರು. ಎಳೆಯ ತುದಿಯಲ್ಲಿ ಬೆರಳುದ್ದದ ಎರಡು ಕಾಯಿ. ನನಗಾಗ ಮೂರು ತಿಂಗಳು. ಅಂದಿನಿಂದ ಅತ್ತೆ ಅಕ್ಕಪಕ್ಕದವರಿಗೆಲ್ಲ, “ನಮ್ಮನೇಲಿ ಇಬ್ರು ಬಸುರೀರು” ಎನ್ನತೊಡಗಿದರು. ಮಾವನನ್ನೂ ಬಿಡಲಿಲ್ಲ.

“ನೋಡಿ, ಕಷ್ಟ ಕೊಟ್ರೆ ಗಂಡಸ್ರೂ ಕೆಲ್ಸಕ್ಕೆ ಬರ್ತಾರೆ. ನಿಮ್ಮನ್ನ ಇಷ್ಟು ದಿನ ಸುಮ್ನೆ ಬಿಟ್ಟಿದ್ದೇ ತಪ್ಪಾಯ್ತು.”

ಮಾವ ಮೆಲ್ಲಗೆ ತಮ್ಮ ತಲೆ ಸವರಿಕೊಂಡರು.

ನೀರಿನ ಕೊರತೆ, ಬಿಸಿಲು, ಪೆಟ್ಟು ಇವುಗಳಿಂದ ಗಂಡು ಪರಂಗಿಯ ಹೂ ಒಮ್ಮೊಮ್ಮೆ ಹೀಗೆ ಕಾಯಿಗಟ್ಟುತ್ತದೆಂದು ನನ್ನ ಮಗಳು ಕಾಲೇಜಿನಲ್ಲಿ ಓದಿ ಹೇಳಿದ್ದು ಎಷ್ಟೋ ವರ್ಷಗಳ ಮೇಲೆ. ಆಗ ನಮ್ಮಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ.

ಬಸುರಿ ಪರಂಗಿ ತಿನ್ನಬಾರದಲ್ಲ, ಕಾಯಿ ದಪ್ಪವಾಗುವುದನ್ನು ಬಾಯಲ್ಲಿ ನೀರೂರಿಸಿಕೊಂಡು ನೋಡಿದ್ದಷ್ಟೇ ಬಂತು. ಹೆರಿಗೆಗೆ ಮಾಲೂರಿನ ತವರಿಗೆ ಹೋದೆ. ಮಗಳು ಹುಟ್ಟಿದ ಸುದ್ದಿ ಕೇಳಿ ಮಾವ ಟವಲಿನಲ್ಲಿ ಗಂಡು ಮರದ ಒಂದು ಹಣ್ಣು ಸುತ್ತಿಕೊಂಡು ಬಂದರು. ಮೊಮ್ಮಗಳ ಮುಖ ನೋಡುವ ಮೊದಲು ಗಂಟು ಬಿಚ್ಚಿದರು. ಬಾಣಂತಿಗೆ ಇದೆಲ್ಲ ಯಾಕೆಂದು ಗೊಣಗುತ್ತಲೇ ಅಮ್ಮ ಒಂದು ಹೋಳು ಕೊಟ್ಟಳು. ಸೌತೆಕಾಯಿಗೆ ಇರುವಷ್ಟೇ ಸಿಹಿ.

“ಹೇಗಿದೆಯಮ್ಮ?”

“ಜೇನಿನ ಹಾಗಿದೆ ಮಾವ.”

“ಮನೇಲಿ ಇನ್ನೊಂದು ಕುಯ್ದಿದ್ವಿ. ನಿಮ್ಮತ್ತೆ ಸಪ್ಪೆ ಅಂದ್ಳು,” ಎಂದು ಮಾವ ನೊಂದುಕೊಂಡು, ಮಿಕ್ಕಿದ್ದನ್ನೆಲ್ಲ ತಾವೇ ತಿಂದು ಮುಗಿಸಿದರು.