ಒಂದೇ ಮಡಕೆಗೆ ಸುರಿದ ತಪ್ಪು

ಕರೆಂಟು ಮರಳಿ ಬಂತು. ಯಂತ್ರ ನಡೆಸುವ ಲಿನಕ್ಸ್ ಕಂಪ್ಯೂಟರ್ ಮಾತ್ರ ಏಳಲಿಲ್ಲ. ರೂಟ್ ಪಾರ್ಟಿಶನ್, ಅಂದರೆ ಡಿಸ್ಕಿನಲ್ಲಿ ಕಂಪ್ಯೂಟರನ್ನು ಎಬ್ಬಿಸುವ ತಂತ್ರಾಂಶ ಇರುವ ಭಾಗ, ಕೆಟ್ಟಿದೆ ಎಂಬ ಅದೇ ಹಳೆಯ ಸಾಲು ಪರದೆಯ ಮೇಲೆ. ಮೂಕಂಡಪಲ್ಲಿಯ ನಮ್ಮ ಸಣ್ಣ ಕಾರ್ಖಾನೆಯಲ್ಲಿ ಆ ತಿಂಗಳು ಇದು ಮೂರನೇ ಸಲ. ಪ್ರತಿ ಸಲವೂ ಅದನ್ನು ಹೊಸದಾಗಿ ಸಿದ್ಧಮಾಡಿ ಕೊಡುವವನು ನಾನೇ. ಯುಪಿಎಸ್ ಬ್ಯಾಟರಿ ಸತ್ತು ವರ್ಷವಾಗಿತ್ತು, ಹೊಸದು ಕೇಳಿ ಕೇಳಿ ನನಗೂ ಸಾಕಾಗಿತ್ತು. ಇನ್ನೊಮ್ಮೆ ಕೆಲಸ ನಿಂತರೆ ನನ್ನ ಜಾಗಕ್ಕೆ ಬೇರೆಯವರನ್ನು ಹುಡುಕಿಕೊಳ್ಳುವುದಾಗಿ ಮ್ಯಾನೇಜರ್ ಹೇಳಿ ಹೋದರು.

ನೆಲ ಒರೆಸುತ್ತಿದ್ದ ಮುನಿಯಮ್ಮ, ಬೇರಿಕೆ ಕಡೆಯ ರೈತರ ಮನೆಯವರು, ಏನಾಯಿತೆಂದು ಕೇಳಿದರು.

“ಕಂಪ್ಯೂಟರ್ ಜೀವ ಇರೋ ಜಾಗದಲ್ಲೇ ದಿನದ ದಾಖಲೇನೂ ಬರೀತಾ ಇರ್ತದಕ್ಕಾ. ಬರೆಯೋವಾಗ ಕರೆಂಟು ಹೋದ್ರೆ ಎಲ್ಲಾ ಕೆಟ್ಟೋಯ್ತದೆ,” ಎಂದೆ.

ಅವರು ಒರೆಸುವುದನ್ನು ನಿಲ್ಲಿಸಿದರು. “ಬಿತ್ತನೆ ರಾಗೀನೂ ತಿನ್ನೋ ರಾಗೀನೂ ಒಂದೇ ಮಡಕೇಲಿ ಯಾರಾನ ಹಾಕ್ತಾರೇನಣ್ಣಾ? ಬಿತ್ತನೆ ಮಡಕೆ ಬಾಯಿಗೆ ಸಗಣಿ ಮೆತ್ತಿ ಮುಚ್ಬುಡ್ತೀವಿ. ಬಿತ್ತೋಗಂಟ ಯಾರೂ ಕೈ ಇಕ್ಕಂಗಿಲ್ಲ.”

ನನಗೆ ಗೊತ್ತಿಲ್ಲದ ವಿದ್ಯೆಯೇನಲ್ಲ ಅದು. ಪ್ರತಿ ಸಲವೂ ಅವಸರಕ್ಕೆ, ಬೇಸರಕ್ಕೆ ಎಲ್ಲವನ್ನೂ ಒಂದೇ ಕಡೆ ಸುರಿದಿದ್ದೆ. ಆ ದಿನ ರೂಟ್ ಪಾರ್ಟಿಶನ್ ಅನ್ನು ಓದುವುದಕ್ಕೆ ಮಾತ್ರ ಬಿಟ್ಟು, ಬರೆಯುವುದನ್ನೆಲ್ಲ ಬೇರೆ ಪಾರ್ಟಿಶನ್ನಿಗೆ ಹಾಕಿದೆ.

ಬ್ಯಾಟರಿ ಇಂದಿಗೂ ಬಂದಿಲ್ಲ. ಕರೆಂಟು ಹೋಗುತ್ತದೆ, ಬರುತ್ತದೆ, ಕಂಪ್ಯೂಟರ್ ತಾನೇ ಏಳುತ್ತದೆ. ಮ್ಯಾನೇಜರ್ ಎಲ್ಲರೆದುರು ನನ್ನ ಬೆನ್ನು ತಟ್ಟಿದರು. ಮುನಿಯಮ್ಮ ಅಲ್ಲೇ ನೆಲ ಒರೆಸುತ್ತಿದ್ದರು. ಆ ಬಿತ್ತನೆ ಮಡಕೆಯ ಹಾಗೆ ನನ್ನ ಬಾಯಿಯೂ ಮುಚ್ಚಿಕೊಂಡಿತ್ತು.