ದೊಡ್ಡಮ್ಮನ ತಲೆನೋವಿನ ಪುಡಿ

ಇವತ್ತು ಮೆಡಿಕಲ್ ಅಂಗಡಿಯಲ್ಲಿ ಯಾರೋ ಒಬ್ಬರು ತಲೆನೋವಿನ ಮಾತ್ರೆಗಳನ್ನು ರಾಶಿ ರಾಶಿ ಕೊಂಡರು. ತಕ್ಷಣ ಅಜ್ಜಂಪುರದ ನಮ್ಮ ದೊಡ್ಡಮ್ಮ ಕಣ್ಮುಂದೆ ಬಂದರು!

ಬೆಳಗೆದ್ದೊಡನೆ ಅವರು ಪೊಟ್ಟಣ ಬಿಚ್ಚಿ, ತಲೆನೋವಿನ ಪುಡಿಯನ್ನು ನಾಲಿಗೆಗೆ ಸುರಿದುಕೊಂಡು ಬಿಸಿ ಕಾಫಿ ಕುಡಿಯುತ್ತಿದ್ದರು. ಮಧ್ಯಾಹ್ನ ಇನ್ನೊಂದು, ಸಂಜೆ ಮತ್ತೊಂದು. ಕೊನೆಗೆ ತರೀಕೆರೆಯ ಡಾಕ್ಟರು, "ಈಗ ಪುಡಿಯಿಂದ್ಲೇ ನಿಮ್ಗೆ ತಲೆನೋವು ಬರ್ತಿರೋದು. ಇದೂ ಒಂದು ಚಟಾನೇ ತಾಯಿ, ಬಿಟ್ಬಿಡಿ" ಅಂದರು.

"ನಾನೇನ್ ಹೆಂಡ ಕುಡಿತೀನಾ?" ಎಂದು ರೇಗಿದ ದೊಡ್ಡಮ್ಮ, ಹಟಕ್ಕೆ ಬಿದ್ದು ಅವತ್ತೇ ಬಿಟ್ಟರು.

ಕಾವಲಿಗೆ ಎಂಟು ವರ್ಷದ ನಾನು! ಅವರು ಹಣೆಗೆ ಬಟ್ಟೆ ಬಿಗಿದುಕೊಂಡು ನರಳಿದರು, ವಾಂತಿ ಮಾಡಿಕೊಂಡರು. ಮೂರನೇ ದಿನ ನನ್ನ ಕೈ ಹಿಡಿದು, "ಒಂದೇ ಒಂದು ತಂದ್ಕೊಡೇ, ನಿನ್ ದಮ್ಮಯ್ಯ" ಎಂದು ಅತ್ತರು. ದೊಡ್ಡವರು ಹಾಗೆ ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. "ತರಲ್ಲ ದೊಡ್ಡಮ್ಮ" ಎಂದು ನಾನೂ ಅತ್ತೆ.

ಸುಮಾರು ಎರಡು ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ದೊಡ್ಡಮ್ಮ ಹಣೆಯ ಬಟ್ಟೆ ಬಿಚ್ಚಿ, ತಲೆಯನ್ನು ಆ ಕಡೆ ಈ ಕಡೆ ಆಡಿಸಿ, "ಲೇ, ನೋವೇ ಇಲ್ಲ ಕಣೇ!" ಎಂದು ಕೂಗಿದರು. ನಾನು ಬೀದಿಯುದ್ದಕ್ಕೂ ಓಡಿ ಮನೆಮನೆಗೂ ಸುದ್ದಿ ಮುಟ್ಟಿಸಿದೆ.

ಇದನ್ನು ಬರೆಯುವಾಗಲೂ ಎದ್ದು ಓಡಬೇಕು ಅನ್ನಿಸುತ್ತಿದೆ.